‘ಪ್ರೆಸ್’ ಅಂದ್ರ ಯಾವ ಪ್ರೆಸ್? ನಮ್ಮ ಜಿಲ್ಲಾದಾಗ ಒಂದ ಶಬ್ದ, ಆರು ಅರ್ಥ

ಹೋದ ತಿಂಗಳು ಲಕ್ಷ್ಮೇಶ್ವರ ಬಜಾರದಲ್ಲಿ ಒಂದು ಕಿರಾಣಿ ಅಂಗಡಿ ಮುಂದೆ ಬೈಕ್ ನಿಲ್ಲಿಸಿದೆ. ಬ್ಯಾಳಿ, ಎಣ್ಣಿ ದರ ಏನೈತಿ ಅಂತ ನಾಲ್ಕು ಮಾತು ಕೇಳಿ ಸುದ್ದಿ ಮಾಡೋದಿತ್ತು, ಅಷ್ಟೇ. ಅಂಗಡಿ ಸಾವಕಾರರು ಬೈಕಿನ ಮುಂದೆ ಅಂಟಿಸಿದ್ದ ‘ಪ್ರೆಸ್’ ಸ್ಟಿಕರ್ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಸುಮ್ಮನೆ ಗಲ್ಲಾ ಎಳೆದು, ‘ಎಷ್ಟ್ ಕೊಡ್ಲಿ ತಮ್ಮಾ?’ ಅಂದರು.

‘ಯಾತಕ್ಕ್ರೀ ಕಾಕಾ?’ ಅಂದೆ.

‘ಹ್ವಾದ ವಾರ ಇಬ್ಬರು ಬಂದಿದ್ರು. ಅವರ ಗಾಡಿಗೂ ಇದ ಸ್ಟಿಕರ್ ಇತ್ತು. ಪ್ಲಾಸ್ಟಿಕ್ ಚೀಲ ಇಟ್ಟೀರಿ, ಸುದ್ದಿ ಮಾಡ್ತೀವಿ ಅಂದ್ರು. ಐದನೂರು ಕೊಟ್ಟು ಕಳಿಸೇನಿ.’

ಯಾವ ಪೇಪರಿನವರು ಅಂತ ಕೇಳಲಿಲ್ಲವಾ ಅಂದರೆ, ‘ಪ್ರೆಸ್ ಅಂತ ಬರದಿತ್ತಲ್ಲಪಾ, ಮತ್ತೇನು ಕೇಳೋದು’ ಅಂದರು.

ಅವರ ಅಂಗಡಿಯಿಂದ ಹತ್ತು ಹೆಜ್ಜೆಗೆ ಅರಿವಿ ಇಸ್ತ್ರಿ ಮಾಡೋ ಡಬ್ಬಾ ಅಂಗಡಿ. ಅದರ ಮೇಲೂ ‘ಪ್ರೆಸ್’ ಅಂತ ಬರೆದಿದೆ. ಅದರ ಆಚೆ ಮದುವಿ ಕಾರ್ಡು ಹಾಕೋ ಅಂಗಡಿ, ಅದೂ ‘ಪ್ರೆಸ್’. ಅವರನ್ನು ನೋಡಿ ಯಾರೂ ಗಲ್ಲಾ ಎಳೆಯಲ್ಲ. ಒಂದೇ ಶಬ್ದ. ಒಂದು ಕಡೆ ಅರಿವಿ, ಒಂದು ಕಡೆ ಕಾರ್ಡು, ಇನ್ನೊಂದು ಕಡೆ ಅಂಜಿಕೆ. ಹಂಗಾದರೆ ಈ ಶಬ್ದ ಎಲ್ಲಿಂದ ಬಂತು, ಎಷ್ಟು ಅರ್ಥ ಹೊತ್ತುಕೊಂಡು ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಬಜಾರದಾಗ ಓಡಾಡ್ತಾ ಐತಿ, ನೋಡೋಣ ಬರ್ರಿ.

ಮೂಲ: ಒತ್ತೋದು

ಇಂಗ್ಲಿಷಿನ ‘ಪ್ರೆಸ್’ ಹಳೇ ಫ್ರೆಂಚ್ ಭಾಷೆಯಿಂದ ಬಂದದ್ದು. ಫ್ರೆಂಚಿಗೆ ಅದು ಲ್ಯಾಟಿನ್‌ನಿಂದ ಬಂತು. ಲ್ಯಾಟಿನ್‌ನಲ್ಲಿ ‘ಪ್ರೆಮೆರೆ’ ಅಂದರೆ ಒತ್ತು, ಅದುಮು ಅಂತ ಅರ್ಥ. ಅದರಿಂದ ‘ಪ್ರೆಸ್ಸಾರೆ’, ಅದರಿಂದ ‘ಪ್ರೆಸ್’. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಇದ್ದ ಹಳೇ ಅರ್ಥಗಳಲ್ಲಿ ಒಂದು ಜನಜಂಗುಳಿ, ಅಂದರೆ ಮೈಗೆ ಮೈ ಒತ್ತೋ ಹಂಗೆ ಸೇರಿದ ಜನ. ಆಮೇಲೆ ದ್ರಾಕ್ಷಿ ಹಿಂಡೋ ಯಂತ್ರ, ಅರಿವಿ ಒತ್ತಿ ಇಡೋ ಯಂತ್ರ ಇವಕ್ಕೂ ಅದೇ ಹೆಸರಾಯಿತು.

ಇದೇ ಬೇರಿನ ಬೇರೆ ಶಬ್ದಗಳನ್ನೂ ನಾವು ದಿನಾ ಬಳಸ್ತೀವಿ. ಡಾಕ್ಟರ್ ಹೇಳೋ ‘ಪ್ರೆಷರ್’, ಗ್ಯಾರೇಜಿನ ‘ಕಂಪ್ರೆಸರ್’, ಹುಡುಗರು ಹೇಳೋ ‘ಡಿಪ್ರೆಷನ್’, ರೈಲಿನ ‘ಎಕ್ಸ್‌ಪ್ರೆಸ್’ ಎಲ್ಲಾ ಅಣ್ಣ-ತಮ್ಮಂದಿರು. ‘ಪ್ರಿಂಟ್’ ಕೂಡ ಇದೇ ಮನೆತನದ್ದು. ಕೇಳಾಕ ಬೇರೆ ಅನಿಸಿದರೂ ಅದೂ ‘ಪ್ರೆಮೆರೆ’ಯಿಂದಲೇ ಫ್ರೆಂಚ್ ದಾರಿ ಹಿಡಿದು ಬಂದದ್ದು.

ಕನ್ನಡದ ‘ಒತ್ತು’ ಸಹ ಇಷ್ಟೇ ದುಡಿಯುತ್ತದೆ. ಒತ್ತಡ, ಒತ್ತಾಯ, ಒತ್ತುವರಿ, ಅಕ್ಷರದ ಕೆಳಗೆ ಬರೋ ಒತ್ತು, ಭಾಷಣದಲ್ಲಿ ಬರೋ ‘ಶಿಕ್ಷಣಕ್ಕೆ ಒತ್ತು’. ಹಂಗಾಗಿ ಪ್ರೆಸ್ ಶಬ್ದದ ಗುಣ ನಮಗೆ ಹೊಸದಲ್ಲ.

ಒಂದು: ಹತ್ತಿ ಪ್ರೆಸ್

ಗದಗ ಅಂದರೆ ಹತ್ತಿ. ‘ಜಿನ್ನಿಂಗ್ ಆ್ಯಂಡ್ ಪ್ರೆಸ್ಸಿಂಗ್’ ಅನ್ನೋ ಬೋರ್ಡು ನಮ್ಮ ಹಿರಿಯರಿಗೆ ಚಿರಪರಿಚಿತ. ಜಿನ್ನಿನಲ್ಲಿ ಕಾಳು ಬೇರೆ, ಅರಳೆ ಬೇರೆ ಆಗುತ್ತದೆ. ನೂರು ಕಿಲೋ ಹತ್ತಿ ಹಾಕಿದರೆ ಸುಮಾರು ಮೂರರಲ್ಲಿ ಒಂದು ಪಾಲು ಅರಳೆ, ಉಳಿದದ್ದು ಹೆಚ್ಚಾಗಿ ಕಾಳು. ಆ ಅರಳೆಯನ್ನು ಪೆಟ್ಟಿಗೆಯಂಥ ಯಂತ್ರಕ್ಕೆ ತುಂಬಿ, ಮೇಲಿಂದ ಭಾರ ಹಾಕಿ ಒತ್ತಿ, ಪಟ್ಟಿ ಕಟ್ಟಿ ಬೇಲ್ ಮಾಡೋದು ಪ್ರೆಸ್. ಈಗಿನ ಲೆಕ್ಕದಲ್ಲಿ ಒಂದು ಬೇಲ್ ಅಂದರೆ 170 ಕಿಲೋ.

ಯಾಕೆ ಒತ್ತಬೇಕು? ಅರಳೆಗೆ ತೂಕ ಕಡಿಮೆ, ಜಾಗ ಜಾಸ್ತಿ. ಒತ್ತದೆ ಕಳಿಸಿದರೆ ಗಾಡಿ ತುಂಬುತ್ತದೆ, ಮಾಲು ಹೋಗೋದಿಲ್ಲ. ರೈಲು ಬರೋಕಿಂತ ಮೊದಲು ನಮ್ಮ ಭಾಗದ ಹತ್ತಿ ಚಕ್ಕಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1861ರಿಂದ 1865ರ ತನಕ ಅಮೆರಿಕಾದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರೋದು ನಿಂತು, ನಮ್ಮ ಕಡೆ ಹತ್ತಿಗೆ ಭಾರೀ ಬೇಡಿಕೆ ಬಂತು. 1884ರಲ್ಲಿ ಗದಗಿಗೆ ರೈಲು ಬಂದ ಮೇಲೆ ಊರು ಹತ್ತಿ ವ್ಯಾಪಾರದ ದೊಡ್ಡ ಪೇಟೆಯಾಗಿ ಬೆಳೆಯಿತು.

ಆದರೆ ಒಂದು ತೊಂದರೆ ಇತ್ತು. ಬೇಲ್ ಒತ್ತಿದ ಮೇಲೆ ಒಳಗೆ ಏನಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಕೆಲವರು ನೀರು ಹೊಡೆದು ತೂಕ ಹೆಚ್ಚಿಸುತ್ತಿದ್ದರು, ಕೆಲವರು ಒಳಗೆ ಹಳೇ ಮಾಲು ಬೆರೆಸುತ್ತಿದ್ದರು. ಅದಕ್ಕೇ 1925ರಲ್ಲಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳಿಗೆ ಒಂದು ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ಪ್ರೆಸ್ಸಿಗೆ ತನ್ನದೇ ಗುರುತು, ಪ್ರತಿ ಬೇಲಿನ ಮೇಲೆ ಆ ಗುರುತು ಮತ್ತು ಸರಣಿ ನಂಬರ್ ಇರಬೇಕು. ಮುಂಬೈಯಲ್ಲಿ ಬೇಲ್ ಬಿಚ್ಚಿದಾಗ ಮೋಸ ಕಂಡರೆ ಯಾರು ಒತ್ತಿದರು ಅಂತ ಹುಡುಕಬಹುದು. ಈ ಮಾತು ನೆನಪಿಡ್ರಿ: ಒತ್ತಿದವನ ಗುರುತು ಮಾಲಿನ ಮೇಲೆ ಇರಬೇಕು. ಮುಂದೆ ಮತ್ತೆ ಬರ್ತದ.

ಎರಡು: ಅಚ್ಚಿನ ಪ್ರೆಸ್

1450ರ ಸುಮಾರಿಗೆ ಜರ್ಮನಿಯ ಮೈಂಜ್ ಊರಿನಲ್ಲಿ ಗುಟೆನ್‌ಬರ್ಗ್ ಅಚ್ಚಿನ ಮೊಳೆ ಜೋಡಿಸಿ, ಮಸಿ ಹಚ್ಚಿ, ಕಾಗದ ಇಟ್ಟು ಒತ್ತಿದ. ಅವನ ಯಂತ್ರ ದ್ರಾಕ್ಷಿ ಹಿಂಡೋ ತಿರುಪಿನ ಯಂತ್ರದ ಜಾತಿಯದೇ. ಹಂಗಾಗಿ ಹೆಸರೂ ಅದೇ ಉಳಿಯಿತು. ಹಣ್ಣು ಒತ್ತೋದೂ ಪ್ರೆಸ್, ಕಾಗದ ಒತ್ತೋದೂ ಪ್ರೆಸ್.

ಭಾರತಕ್ಕೆ ಮೊದಲ ಪ್ರೆಸ್ ಬಂದದ್ದು ಗೋವಾಕ್ಕೆ, 1556ರಲ್ಲಿ. ಕರ್ನಾಟಕದಲ್ಲಿ ದೊಡ್ಡ ಹೆಸರು ಮಾಡಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್, 1841ರದ್ದು. ಬೆಟಗೇರಿಯವರಿಗೆ ಬಾಸೆಲ್ ಮಿಷನ್ ಹೆಸರು ಹೊಸದಲ್ಲ. ಊರಿನ ಮಂದಿ ಇವತ್ತಿಗೂ ‘ಜರ್ಮನ್ ದವಾಖಾನೆ’ ಅನ್ನೋದು ಅವರು ಕಟ್ಟಿದ್ದನ್ನೇ.

ಗದಗಿಗೆ ‘ಮುದ್ರಣ ಕಾಶಿ’ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಶಾಬಾದಿಮಠ ಬುಕ್ ಡಿಪೋ, ಬಿ.ಜಿ. ಸಂಕೇಶ್ವರ ಕಂಪನಿ ಇಂಥ ಹೆಸರುಗಳು ಉತ್ತರ ಕರ್ನಾಟಕದ ಮನೆಮನೆಗೆ ಗೊತ್ತು. ಸಾಲಿ ಪುಸ್ತಕ, ನಿಘಂಟು, ಪುರಾಣ, ನಾಟಕದ ಪುಸ್ತಕ ಇಲ್ಲಿಂದ ಹೋದವು. ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆ ನೂರಾರು ಸಂಶೋಧನಾ ಪುಸ್ತಕ ತಂದಿದೆ.

ಕನ್ನಡ ಅಚ್ಚು ಹಾಕೋದು ಇಂಗ್ಲಿಷಿನಷ್ಟು ಸಸಾರ ಇರಲಿಲ್ಲ. ಇಂಗ್ಲಿಷಿಗೆ 26 ಅಕ್ಷರ, ಅದರ ದೊಡ್ಡದು ಸಣ್ಣದು. ಕನ್ನಡಕ್ಕೆ ಅಕ್ಷರ, ಕಾಗುಣಿತ, ಮೇಲಾಗಿ ಒತ್ತು. ‘ಲಕ್ಷ್ಮೇಶ್ವರ’ ಅಂತ ಜೋಡಿಸಬೇಕಾದರೆ ಕ ಕೆಳಗೆ ಷ ಒತ್ತು, ಅದಕ್ಕೆ ಮ ಒತ್ತು, ಶ ಕೆಳಗೆ ವ ಒತ್ತು. ಮೊಳೆ ಜೋಡಿಸೋ ಕಂಪೋಸಿಟರ್ ಎದುರಿಗೆ ನೂರಾರು ಖಾನೆ ಇರುತ್ತಿದ್ದವು. ಅದರಲ್ಲೂ ಅಕ್ಷರ ಉಲ್ಟಾ ಓದಬೇಕು. ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಈಗ ಪ್ರೆಸ್ ಅಂತ ಬೋರ್ಡ್ ಇರೋ ಬಹಳ ಅಂಗಡಿಯಲ್ಲಿ ಮೊಳೆ ಇಲ್ಲ, ಫ್ಲೆಕ್ಸ್ ಯಂತ್ರ ಇದೆ. ಫ್ಲೆಕ್ಸ್ ಯಂತ್ರ ಏನನ್ನೂ ಒತ್ತುವುದಿಲ್ಲ, ಬಣ್ಣ ಸಿಂಪಡಿಸುತ್ತದೆ. ಹೆಸರು ಮಾತ್ರ ಪ್ರೆಸ್.

ಇಲ್ಲೂ ಗುರುತಿನ ಮಾತು ಬರುತ್ತದೆ. 1867ರ ಮುದ್ರಣ ಕಾಯ್ದೆ ಪ್ರಕಾರ ಅಚ್ಚಾದ ಪುಸ್ತಕ, ಪೇಪರಿನ ಮೇಲೆ ಮುದ್ರಕನ ಹೆಸರು, ಅಚ್ಚಾದ ಊರು ಇರಲೇಬೇಕಿತ್ತು. ಆ ಕಾಯ್ದೆ 156 ವರ್ಷ ನಡೆದು, ಈಗ ಅದರ ಜಾಗದಲ್ಲಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಚುನಾವಣೆ ಕರಪತ್ರ, ಪೋಸ್ಟರಿಗಂತೂ ನಿಯಮ ಇನ್ನೂ ಬಿಗಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದೆ ಅಚ್ಚು ಹಾಕಿದರೆ ಆರು ತಿಂಗಳ ತನಕ ಜೈಲು, ಎರಡು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ಪಂಚಾಯಿತಿ ಆಗಲಿ, ವಿಧಾನಸಭಾ ಆಗಲಿ, ಇಲೆಕ್ಷನ್ ಬಂದಾಗ ಅವಸರದಲ್ಲಿ ಹೆಸರಿಲ್ಲದ ಪಾಂಪ್ಲೆಟ್ ಹಾಕಿಕೊಡೋಕೆ ಮೊದಲು ಪ್ರೆಸ್ಸಿನವರು ನಿಯಮ ನೋಡಿಕೊಳ್ಳೋದು ಚಲೋ.

ಮೂರು: ಪೇಪರಿನ ಪ್ರೆಸ್

ಯಂತ್ರದ ಹೆಸರು ಮನುಷ್ಯರಿಗೆ ಹೆಂಗೆ ಬಂತು? ಪೇಪರ್ ತರೋನು ಮತ್ತು ಯಂತ್ರ ಇಟ್ಟೋನು ಮೊದಮೊದಲು ಒಬ್ಬನೇ ಇರುತ್ತಿದ್ದ. ಯಂತ್ರ ಇದ್ದರೆ ಮಾತು ಊರಿಗೆ ಮುಟ್ಟುತ್ತಿತ್ತು, ಇಲ್ಲಾಂದರೆ ಇಲ್ಲ. ‘ಪ್ರೆಸ್ಸಿನ ಸ್ವಾತಂತ್ರ್ಯ’ ಅಂದರೆ ಆ ಕಾಲದಲ್ಲಿ ಅಚ್ಚು ಹಾಕೋ ಸ್ವಾತಂತ್ರ್ಯವೇ. ನಿಧಾನಕ್ಕೆ ಅಚ್ಚಾದ ಪೇಪರ್, ಆಮೇಲೆ ಪೇಪರಿಗೆ ಬರೆಯೋ ಮಂದಿ ಎಲ್ಲಾ ‘ಪ್ರೆಸ್’ ಆದರು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದದ್ದು. ಅದಕ್ಕೇ ಜುಲೈ 1 ನಮಗೆ ಪತ್ರಿಕಾ ದಿನ. ಮಾರನೇ ವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

ಬ್ರಿಟಿಷರಿಗೆ ಈ ಎರಡೂ ಅರ್ಥ ಚೆನ್ನಾಗಿ ಗೊತ್ತಿತ್ತು. ಪೇಪರಿನ ಬಾಯಿ ಮುಚ್ಚಬೇಕಾದರೆ ಯಂತ್ರಕ್ಕೆ ಕೈ ಹಾಕಬೇಕು ಅಂತ. 1878ರ ದೇಶಭಾಷಾ ಪತ್ರಿಕಾ ಕಾಯ್ದೆ ಇಂಗ್ಲಿಷ್ ಪೇಪರ್ ಬಿಟ್ಟು ನಮ್ಮ ಭಾಷೆಗಳ ಪೇಪರಿನ ಮೇಲೆ ಮಾತ್ರ ಇತ್ತು. ಸರ್ಕಾರಕ್ಕೆ ಸರಿಬರದಿದ್ದರೆ ಯಂತ್ರವನ್ನೇ ಜಪ್ತಿ ಮಾಡಬಹುದಿತ್ತು. ರಿಪನ್ ಕಾಲದಲ್ಲಿ ಅದು ಹೋಯಿತು. 1910ರಲ್ಲಿ ಮತ್ತೊಂದು ಬಂತು: ಹೊಸ ಪ್ರೆಸ್ ಇಡೋನು 500ರಿಂದ 2000 ರೂಪಾಯಿ ಠೇವಣಿ ಇಡಬೇಕು. ಆ ಕಾಲದ ಎರಡು ಸಾವಿರ ಅಂದರೆ ಸಣ್ಣ ಪ್ರೆಸ್ಸಿನವನಿಗೆ ಅಂಗಡಿ ಮುಚ್ಚಿದ ಹಂಗೆ.

ಸ್ವಾತಂತ್ರ್ಯ ಬಂದ ಮೇಲೆ? ನಮ್ಮ ಸಂವಿಧಾನದ 19(1)(ಎ) ವಿಧಿಯಲ್ಲಿ ಪ್ರೆಸ್ ಅನ್ನೋ ಶಬ್ದವೇ ಇಲ್ಲ. ಅಲ್ಲಿರೋದು ಪ್ರತಿ ನಾಗರಿಕನ ಮಾತಿನ ಸ್ವಾತಂತ್ರ್ಯ. ಪತ್ರಿಕಾ ಸ್ವಾತಂತ್ರ್ಯ ಅದರೊಳಗೇ ಬರುತ್ತದೆ ಅಂತ 1950ರಲ್ಲಿ ಸುಪ್ರೀಂ ಕೋರ್ಟ್ ರೊಮೇಶ್ ಥಾಪರ್ ಪ್ರಕರಣದಲ್ಲಿ ಹೇಳಿತು. ಅಂದರೆ ಬರೆಯೋ ನನಗಿರೋ ಹಕ್ಕು ಕಿರಾಣಿ ಅಂಗಡಿ ಕಾಕಾಗೂ ಇರೋ ಹಕ್ಕೇ. ಅದಕ್ಕಿಂತ ಒಂದು ಗುಂಜಿ ಜಾಸ್ತಿ ಇಲ್ಲ.

ಈ ಎರಡು ಅರ್ಥದ ನಡುವೆ ಓಡಾಡಿದ ಗದಗಿನ ಉದಾಹರಣೆ ಬೇಕಂದರೆ ವಿಜಯ ಸಂಕೇಶ್ವರ ಅವರೇ ಇದ್ದಾರೆ. ಅಚ್ಚಿನ ಪ್ರೆಸ್ಸಿನ ಮನೆತನದಲ್ಲಿ ಹುಟ್ಟಿ, 1976ರಲ್ಲಿ ಒಂದು ಲಾರಿಯಿಂದ ಸಾಗಾಟ ಶುರು ಮಾಡಿ, 1999ರಲ್ಲಿ ‘ವಿಜಯ ಕರ್ನಾಟಕ’, 2012ರಲ್ಲಿ ‘ವಿಜಯವಾಣಿ’ ತಂದರು. ಯಂತ್ರದ ಪ್ರೆಸ್ಸಿನಿಂದ ಪೇಪರಿನ ಪ್ರೆಸ್ಸಿಗೆ, ನಡುವೆ ಲಾರಿ.

ನಾಲ್ಕು: ಅರಿವಿ ಪ್ರೆಸ್

ನಮ್ಮ ಹಳೇ ಶಬ್ದ ‘ಇಸ್ತ್ರಿ’. ಅದು ಪೋರ್ಚುಗೀಸರ ‘ಎಸ್ತಿರಾರ್’, ಅಂದರೆ ಎಳೆದು ಹರವು ಅನ್ನೋದರಿಂದ ಬಂತು ಅಂತ ನಿಘಂಟು ಮಾಡಿದವರು ಹೇಳ್ತಾರೆ. ಅಂದರೆ ‘ಇಸ್ತ್ರಿ’ಯೂ ಹೊರಗಿನದೇ, ‘ಪ್ರೆಸ್’ ಸಹ ಹೊರಗಿನದೇ. ಮೊದಲು ಬಂದದ್ದು ಮನೆಯವರಂತೆ ಆಗಿದೆ, ಅಷ್ಟೇ.

ಟೇಲರ್‌ಗಳನ್ನು ಕೇಳಿದರೆ ಇವೆರಡಕ್ಕೂ ಫರಕ್ ಹೇಳ್ತಾರೆ. ಇಸ್ತ್ರಿ ಅಂದರೆ ಪೆಟ್ಟಿಗೆ ಹಿಂದೆ-ಮುಂದೆ ಎಳೆಯೋದು. ಪ್ರೆಸ್ ಅಂದರೆ ಇಟ್ಟು ಒತ್ತಿ ಎತ್ತೋದು. ಕೋಟಿನ ಕಾಲರ್, ಪ್ಯಾಂಟಿನ ಗೆರೆಗೆ ಎರಡನೇದೇ ಸರಿ. ಟೇಲರ್ ಅಂಗಡಿಯಲ್ಲಿ ‘ಪ್ರೆಸ್ ಬಟನ್’ ಸಹ ಇದೆ. ಅದನ್ನೇ ನಾವು ಟಿಚ್ ಬಟನ್ ಅಂತೀವಿ.

ಐದು: ಫೋನಿನ ಪ್ರೆಸ್

‘ಕನ್ನಡಕ್ಕಾಗಿ ಒಂದನ್ನು ಒತ್ತಿ.’ ಈಗ ದಿನಾ ಕೇಳೋ ಪ್ರೆಸ್ ಇದು. ಇದರಲ್ಲಿ ಅಪಾಯವೂ ಇದೆ. ‘ನಿಮ್ಮ ಸಿಮ್ ಬಂದ್ ಆಗುತ್ತದೆ, ಒಂಬತ್ತು ಒತ್ತಿ’ ಅಂತ ಧ್ವನಿ ಬಂದರೆ ಒತ್ತಬೇಡ್ರಿ, ಫೋನ್ ಇಡ್ರಿ. ಒತ್ತಿದ ಕೂಡಲೇ ಆಚೆ ಒಬ್ಬ ‘ಪೊಲೀಸ್ ಅಧಿಕಾರಿ’ ಸಿಗ್ತಾನೆ, ವಿಡಿಯೋದಲ್ಲಿ ಕೂಡಿಸಿ ದುಡ್ಡು ಹಾಕಿಸಿಕೊಳ್ತಾನೆ. ‘ಡಿಜಿಟಲ್ ಅರೆಸ್ಟ್’ ಅನ್ನೋದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡ್ರಿ.

ಆರು: ಬೇರೆ ಬೇರಿನ ಪ್ರೆಸ್

ಈ ತನಕ ಹೇಳಿದ್ದೆಲ್ಲಾ ಒತ್ತೋ ಬೇರಿನದು. ಇಂಗ್ಲಿಷಿನಲ್ಲಿ ಇನ್ನೊಂದು ‘ಪ್ರೆಸ್’ ಇದೆ, ಅದು ಬ್ಯಾರೆ ಮನೆತನ. ಹಿಂದೆ ಇಂಗ್ಲೆಂಡಿನಲ್ಲಿ ಜನರನ್ನು ಬಲವಂತವಾಗಿ ಹಿಡಿದು ಯುದ್ಧದ ಹಡಗಿಗೆ ಹಾಕುತ್ತಿದ್ದರು. ಹಿಡಿಯೋ ಟೋಳಿಗೆ ‘ಪ್ರೆಸ್ ಗ್ಯಾಂಗ್’ ಅಂತ ಹೆಸರು. ಕೇಳಿದರೆ ‘ಒತ್ತಾಯ ಮಾಡೋರು, ಅದಕ್ಕೆ ಪ್ರೆಸ್’ ಅನಿಸುತ್ತದೆ. ಆದರೆ ಮೂಲ ಶಬ್ದ ‘ಪ್ರೆಸ್ಟ್’. ಹಳೇ ಫ್ರೆಂಚಿನಲ್ಲಿ ಅದಕ್ಕೆ ಸಾಲ ಅಂತ ಅರ್ಥ. ಸೈನಿಕನಿಗೆ, ನಾವಿಕನಿಗೆ ಮುಂಗಡ ದುಡ್ಡು ಕೊಡುತ್ತಿದ್ದರು. ದುಡ್ಡು ಕೈಗೆ ಮುಟ್ಟಿತು ಅಂದರೆ ಮನುಷ್ಯ ಸಿಕ್ಕಿಬಿದ್ದ. ಕಾಲ ಕಳೆದಂಗೆ ‘ಪ್ರೆಸ್ಟ್’ ಮತ್ತು ‘ಪ್ರೆಸ್’ ಕಲಸಿ ಒಂದಾದವು. ಮುಂಗಡ ಮರೆತುಹೋಗಿ ಒತ್ತಾಯ ಮಾತ್ರ ಉಳಿಯಿತು.

ಇದು ದೂರದ ಕಥೆ ಅನ್ನಬೇಡ್ರಿ. ಮುಂಡರಗಿ, ಶಿರಹಟ್ಟಿ ಕಡೆ ಹಳ್ಳಿ, ತಾಂಡಾಗಳಿಂದ ಗೋವಾ, ಮಂಗಳೂರು ಕಡೆ ದುಡಿಯಾಕ ಹೋಗೋ ಮಂದಿ ‘ಅಡ್ವಾನ್ಸ್’ ಅಂದರೆ ಏನು ಅಂತ ಬಲ್ಲರು. ಮುಂಗಡ ಕೊಟ್ಟೀನಿ ಅಂತ ಹೇಳಿ ಒಬ್ಬನನ್ನು ಬಿಡದೆ ದುಡಿಸಿಕೊಳ್ಳೋದು 1976ರ ಜೀತ ಪದ್ಧತಿ ರದ್ದು ಕಾಯ್ದೆ ಪ್ರಕಾರ ಅಪರಾಧ. ಅಂಥದ್ದು ಕಂಡರೆ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಬಹುದು.

ಅಂಗಡಿಕಾರರು ತಿಳಿದಿರಬೇಕಾದ್ದು

ಇಷ್ಟು ಅರ್ಥ ತಿಳಿದ ಮೇಲೆ ಕಾಕಾನ ಐದನೂರು ರೂಪಾಯಿಗೆ ಬರೋಣ. ಹತ್ತಿ ಬೇಲಿನ ಮೇಲೆ ಪ್ರೆಸ್ಸಿನ ಗುರುತು ಬೇಕು. ಕರಪತ್ರದ ಮೇಲೆ ಮುದ್ರಕನ ಹೆಸರು ಬೇಕು. ಪೇಪರಿನ ಕೊನೇ ಪುಟದ ಕೆಳಗೆ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಹಂಗಾದರೆ ಅಂಗಡಿಗೆ ಬಂದು ‘ಪ್ರೆಸ್’ ಅನ್ನೋನಿಗೆ ಮಾತ್ರ ಯಾಕೆ ಹೆಸರು ಬೇಡ?

ಯಾವ ಪ್ರೆಸ್ ಅಂತ ಕೇಳ್ರಿ. ಹೆಸರು, ಪೇಪರ್ ಅಥವಾ ಚಾನೆಲ್, ಸಂಪಾದಕರ ಫೋನ್ ನಂಬರ್ ಕೇಳಿ ಬರೆದುಕೊಳ್ರಿ, ಅಲ್ಲೇ ಫೋನ್ ಹಚ್ಚ್ರಿ. ನಿಜವಾದ ವರದಿಗಾರ ಸಿಟ್ಟಾಗೋದಿಲ್ಲ.

ಸರ್ಕಾರದ ಮಾನ್ಯತಾ ಕಾರ್ಡ್ ಕೊಡೋದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಆ ಕಾರ್ಡ್ ಎಲ್ಲ ವರದಿಗಾರರ ಹತ್ತಿರ ಇರೋದಿಲ್ಲ, ನನ್ನ ಹತ್ತಿರವೂ ಇಲ್ಲ. ಕಾರ್ಡ್ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ಕಾರ್ಡ್ ಇದೆ ಅಂದ ಮಾತ್ರಕ್ಕೆ ಅಧಿಕಾರಿಯೂ ಅಲ್ಲ.

ಅಂಗಡಿ ತಪಾಸಣೆ ಮಾಡೋ, ದಂಡ ಹಾಕೋ ಅಧಿಕಾರ ಪತ್ರಕರ್ತರಿಗೆ ಇಲ್ಲ. ತೂಕಕ್ಕೆ ಕಾನೂನು ಮಾಪನ ಇಲಾಖೆ, ತಿನಿಸಿಗೆ ಆಹಾರ ಸುರಕ್ಷತಾ ಅಧಿಕಾರಿ, ಪ್ಲಾಸ್ಟಿಕ್ಕಿಗೆ ಪುರಸಭೆಯವರು ಇದ್ದಾರೆ. ಅವರು ದಂಡ ಹಾಕಿದರೆ ರಸೀದಿ ಕೊಡಬೇಕು.

ಸುದ್ದಿ ಹಾಕ್ತೀನಿ ಅಂತ ಹೆದರಿಸಿ ದುಡ್ಡು ಕೇಳೋದು ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಅದಕ್ಕೇ ಇರೋದು. 112ಕ್ಕೆ ಫೋನ್ ಮಾಡ್ರಿ, ಇಲ್ಲವೇ ಠಾಣೆಗೆ ದೂರು ಕೊಡ್ರಿ.

ಪೇಪರಿನಲ್ಲಿ ಬಂದ ಸುದ್ದಿ ತಪ್ಪಾಗಿದ್ದರೆ ಮೊದಲು ಸಂಪಾದಕರಿಗೆ ಬರೀರಿ, ಆಮೇಲೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ನಮ್ಮಂಥ ಸುದ್ದಿ ತಾಣಗಳು ಆ ಮಂಡಳಿ ಕೆಳಗೆ ಬರೋದಿಲ್ಲ. ಆದರೆ 2021ರ ಐಟಿ ನಿಯಮದ ಪ್ರಕಾರ ಕುಂದುಕೊರತೆ ಕೇಳೋ ಅಧಿಕಾರಿಯ ಹೆಸರು, ಸಂಪರ್ಕ ತಾಣದಲ್ಲಿ ಹಾಕಬೇಕು.

ಒಂದು ಮಾತು ನಮ್ಮ ಕಡೆಯಿಂದಲೂ ಇದೆ. ನಿಮ್ಮ ತೂಕದಲ್ಲಿ ಮೋಸ ಇದ್ದರೆ, ಮಾಲಿನಲ್ಲಿ ಕಲಬೆರಕೆ ಇದ್ದರೆ ‘ಯಾವ ಪ್ರೆಸ್’ ಅಂತ ಕೇಳಿದ ಮಾತ್ರಕ್ಕೆ ಸುದ್ದಿ ನಿಲ್ಲೋದಿಲ್ಲ. ಹೆಸರು ಹೇಳಿಯೇ ಬರೀತೀವಿ. ನಿಮ್ಮ ಮಾತನ್ನೂ ಕೇಳಿ ಹಾಕ್ತೀವಿ. ದುಡ್ಡು ಇಸಕೊಂಡವನು ಬರೆಯೋದಿಲ್ಲ, ಅಷ್ಟೇ ಫರಕ್.

ಅವತ್ತು ಕಾಕಾ ಗಲ್ಲಾ ಮುಚ್ಚಿ ಚಹಾ ತರಿಸಿದರು. ಬ್ಯಾಳಿ ದರ ಹೇಳಿದರು, ನಾನು ಬರಕೊಂಡೆ. ಹೊರಡೋ ಮುಂದೆ ಸ್ಟಿಕರ್ ಕಡೆ ಕೈ ತೋರಿಸಿ, ‘ಇದರ ಕೆಳಗ ನಿನ್ನ ಹೆಸರು, ಪೇಪರ್ ಹೆಸರು ಬರಸು ತಮ್ಮಾ, ಗೊತ್ತಾಗಲಿ’ ಅಂದರು. ಗದಗಿಗೆ ಬಂದವನೇ ಸ್ಟಿಕರ್ ಕಿತ್ತೆ. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಪ್ರೆಸ್ಸಿನಲ್ಲಿ ನನ್ನ ಹೆಸರು, ತಾಣದ ಹೆಸರು, ಫೋನ್ ನಂಬರ್ ಹಾಕಿಸಿ ನೂರು ಕಾರ್ಡ್ ಮಾಡಿಸಿದೆ. ಈಗ ಯಾವ ಅಂಗಡಿಗೆ ಹೋದರೂ ಮೊದಲು ಕಾರ್ಡ್ ಕೊಡ್ತೀನಿ, ಆಮೇಲೆ ಪ್ರಶ್ನೆ ಕೇಳ್ತೀನಿ.